ಮೊದಲ ಪಾಲು ಕುದುರೆಗೆ

ಅಜ್ಜಿಯ ಹನ್ನೊಂದನೆಯ ದಿನದ ಎಡೆಗೆ ಏನೇನು ಇಡಬೇಕು ಎಂಬ ಮಾತು ಬಂದಾಗ ಮನೆಯಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರು. ತಾತನ ತಿಥಿಯಲ್ಲಿ ಈ ತೊಂದರೆ ಇರಲಿಲ್ಲ. ಕೋಳಿ ಸಾರು, ವಡೆ, ಒಂದು ಕಟ್ಟು ಬೀಡಿ, ಒಂದು ಲೋಟ ಗಟ್ಟಿ ಕಾಫಿ ಎಂದು ಬೀದಿಯವರಿಗೂ ಗೊತ್ತಿತ್ತು. ಅಜ್ಜಿಗೆ ಏನು ಇಷ್ಟ? ದೊಡ್ಡ ಸೋದರತ್ತೆ ಒಬ್ಬಟ್ಟು ಎಂದರು. ಅದು ಅವರಿಗೇ ಇಷ್ಟವಾದದ್ದು ಎಂಬುದು ಎಲ್ಲರಿಗೂ ತಿಳಿದಿತ್ತು. ಚಿಕ್ಕಪ್ಪ ತುಂಬ ಹೊತ್ತು ಯೋಚಿಸಿ, "ಹುರುಳಿಕಟ್ಟಿನ ಸಾರು" ಎಂದರು. ಬಾಳೆ ಎಲೆ ಒರೆಸುತ್ತಿದ್ದ ನನ್ನ ಅಮ್ಮ ತಲೆ ಎತ್ತದೆಯೇ ಹೇಳಿದಳು: "ಅದು ಅವರಿಗೆ ಇಷ್ಟ ಎಂದು ನಿಮಗೆ ಯಾರು ಹೇಳಿದರು? ಮನೆಯಲ್ಲಿ ಅದೇ ಇರುತ್ತಿತ್ತು, ಅದನ್ನೇ ತಿಂದರು."

ಅಮ್ಮ ತನ್ನ ಅತ್ತೆಯಾದ ಅಜ್ಜಿಯ ಜೊತೆ ಒಂದೇ ಅಡುಗೆಮನೆಯಲ್ಲಿ ನಲವತ್ತಕ್ಕೂ ಹೆಚ್ಚು ವರ್ಷ ಬಾಳಿದವಳು. ಅವಳ ಮಾತಿಗೆ ಎದುರು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಎಲ್ಲರ ಊಟ ಮುಗಿದ ಮೇಲೆ, ಒಲೆಯ ಪಕ್ಕದಲ್ಲಿ ಗೋಡೆಗೆ ಒರಗಿ, ಉಳಿದದ್ದನ್ನು ಕಲಸಿಕೊಂಡು ತಿನ್ನುತ್ತಿದ್ದ ಹೆಂಗಸಿನ ನಾಲಿಗೆಯ ರುಚಿ ಯಾವುದೆಂದು ತಿಳಿಯಲು ನಮ್ಮಲ್ಲಿ ಯಾರೂ ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಇರುತ್ತಿರಲಿಲ್ಲ.

ಕುದುರೆಗಳಿಗೆ ಏನು ಇಷ್ಟ ಎಂದು ಕೇಳಿದ್ದರೆ ಮನೆಮಂದಿಯೆಲ್ಲ ಒಟ್ಟಿಗೆ ಹೇಳುತ್ತಿದ್ದೆವು. ಕೆಂಚನಿಗೆ ಹಲಸಿನ ತೊಳೆ. ಮಲ್ಲಿಗೆ ಬೆಲ್ಲದ ಚೂರು, ಅದೂ ಅಂಗೈಯಲ್ಲಿ ಇಟ್ಟು ಕೊಟ್ಟರೆ ಮಾತ್ರ.

ನಮ್ಮದು ಮೈಸೂರಿನ ಮಂಡಿ ಮೊಹಲ್ಲಾದ ಒಂದು ಓಣಿಯಲ್ಲಿ ಹೆಂಚಿನ ಮನೆ. ಮುಂದೆ ಎರಡು ಕೋಣೆ, ನಡುವೆ ಅಂಗಳ, ಹಿಂದೆ ಲಾಯ. ಅಂದರೆ ಮನುಷ್ಯರಿಗೆ ಎಷ್ಟು ಜಾಗವೋ ಹೆಚ್ಚು ಕಡಿಮೆ ಅಷ್ಟೇ ಕುದುರೆಗಳಿಗೆ. ತಾತ ರೈಲು ನಿಲ್ದಾಣದ ಮುಂದಿನ ಸ್ಟ್ಯಾಂಡಿನಲ್ಲಿ ಜಟಕಾ ಹೊಡೆಯುತ್ತಿದ್ದ. ಜಟಕಾ ಹತ್ತಿ ಗೊತ್ತಿಲ್ಲದ ಇಂದಿನವರಿಗೆ ಒಂದು ಮಾತು ಹೇಳಬೇಕು. ಅದು ಎರಡೇ ಚಕ್ರದ ಗಾಡಿ, ಹತ್ತುವುದು ಹಿಂದಿನಿಂದ. ನಾಲ್ಕು ಜನ ಹಿಂದೆಯೇ ಗುಂಪಾಗಿ ಕುಳಿತರೆ ಕುದುರೆ ಕಟ್ಟುವ ಮುಂದಿನ ಮರದ ಕೋಲುಗಳು ಮೇಲೆದ್ದು ಕುದುರೆಯ ಹೊಟ್ಟೆಯ ಪಟ್ಟಿ ಬಿಗಿಯುತ್ತದೆ. ಎಲ್ಲರೂ ಮುಂದಕ್ಕೆ ಒತ್ತಿದರೆ ಭಾರವೆಲ್ಲ ಅದರ ಬೆನ್ನಿಗೆ. ಆದ್ದರಿಂದ "ಸ್ವಲ್ಪ ಮುಂದೆ ಬನ್ನಿ ಸ್ವಾಮಿ, ಅಮ್ಮಾವರು ಸ್ವಲ್ಪ ಹಿಂದೆ" ಎಂದು ಜನರನ್ನು ತಕ್ಕಡಿಯ ಕಲ್ಲಿನ ಹಾಗೆ ಜರುಗಿಸುತ್ತಲೇ ಜಟಕಾದವರ ಜೀವನ ಕಳೆಯುತ್ತಿತ್ತು. ಕೂರುವ ಜಾಗದಲ್ಲಿ ಹುಲ್ಲು ಹಾಸಿ ಮೇಲೆ ಜಮಖಾನ ಹಾಸುತ್ತಿದ್ದರು. ಪ್ರಯಾಣಿಕರಿಗೆ ಮೆತ್ತೆ, ಮಧ್ಯಾಹ್ನ ಕುದುರೆಗೆ ಊಟ. ಆ ಹುಲ್ಲನ್ನು ಬೆಳಗ್ಗೆ ಕತ್ತಲಲ್ಲಿ ಎದ್ದು ದೊಡ್ಡಕೆರೆ ಮೈದಾನದ ಕಡೆಯಿಂದ ಕೊಯ್ದು ತಲೆಯ ಮೇಲೆ ಹೊತ್ತು ತರುತ್ತಿದ್ದವಳು ಅಜ್ಜಿ.

ಅವಳು ಹುಟ್ಟಿದ್ದು ಶ್ರೀರಂಗಪಟ್ಟಣದ ಕಡೆಯ ಹಳ್ಳಿಯಲ್ಲಿ, ಎತ್ತು ಎಮ್ಮೆಗಳ ನಡುವೆ. ಮದುವೆಯಾಗಿ ಹದಿನಾರನೆಯ ವಯಸ್ಸಿಗೆ ಈ ಮನೆಗೆ ಬಂದಾಗ ಕುದುರೆಯನ್ನು ಕಂಡರೆ ಹೆದರಿ ನಡುಗುತ್ತಿದ್ದಳಂತೆ. "ಎತ್ತಿಗೆ ಕೊಂಬಿದೆ, ಯಾವ ಕಡೆಯಿಂದ ಪೆಟ್ಟು ಬರುತ್ತದೆ ಎಂದು ಮೊದಲೇ ಗೊತ್ತಿರುತ್ತದೆ. ಇದಕ್ಕೆ ಎರಡು ಕಡೆಯೂ ಬೆಂಕಿ" ಎನ್ನುತ್ತಿದ್ದಳು. ಮುಂದೆ ಕಚ್ಚುತ್ತದೆ, ಹಿಂದೆ ಒದೆಯುತ್ತದೆ ಎಂದು ಅರ್ಥ. ಕುದುರೆ ಚಾಕರಿ ಕಲಿಸಿದವರು ಅವಳ ಮಾವ, ನನ್ನ ಮುತ್ತಾತ. ಅವರು ಚಿಕ್ಕ ವಯಸ್ಸಿನಲ್ಲಿ ಮೈಸೂರು ಲ್ಯಾನ್ಸರ್ಸ್ ದಳದ ಲಾಯದಲ್ಲಿ ಕೆಲಸಕ್ಕಿದ್ದವರು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಮೈಸೂರು ಮತ್ತು ಜೋಧ್‌ಪುರದ ಅಶ್ವದಳಗಳು ಈಟಿ ಕತ್ತಿ ಹಿಡಿದು ಈಗಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಗೆದ್ದ ಕತೆಯನ್ನು ಈಗ ಎಲ್ಲರೂ ಹೇಳುತ್ತಾರೆ. ಮುತ್ತಾತ ಆ ಯುದ್ಧವನ್ನು ಎಷ್ಟು ಕಂಡರೋ, ನಮ್ಮ ಮನೆಗೆ ಬಂದು ಮುಟ್ಟಿದ ಕತೆ ಒಂದೇ: ಕುದುರೆಗಳು ಹಡಗಿನಲ್ಲಿ ಮಲಗಲು ಜಾಗವಿಲ್ಲದೆ ಇಡೀ ಸಮುದ್ರವನ್ನು ನಿಂತೇ ದಾಟಿದವು. ಅಜ್ಜಿಗೆ ಆ ಯುದ್ಧದಲ್ಲಿ ಗೆದ್ದವರು ಯಾರು, ಸೋತವರು ಯಾರು ಎಂಬುದು ಕೊನೆಯವರೆಗೂ ತಿಳಿಯಲಿಲ್ಲ. ಕುದುರೆಗಳು ನಿಂತು ಹೋದದ್ದು ಮಾತ್ರ ಮರೆಯಲಿಲ್ಲ.

ಕೆಲವು ವರ್ಷಗಳ ಹಿಂದೆ ದೆಹಲಿಗೆ ಹೋದಾಗ ತೀನ್ ಮೂರ್ತಿ ವೃತ್ತದಲ್ಲಿ ನಿಂತು ಅಲ್ಲಿನ ಮೂರು ಕಂಚಿನ ಸೈನಿಕರ ಚಿತ್ರ ತೆಗೆದುಕೊಂಡು ಬಂದಿದ್ದೆ. ಜೋಧ್‌ಪುರ, ಹೈದರಾಬಾದ್, ಮೈಸೂರು, ಒಂದೊಂದು ಸಂಸ್ಥಾನಕ್ಕೆ ಒಬ್ಬೊಬ್ಬ. 1922ರಲ್ಲಿ ನಿಲ್ಲಿಸಿದ್ದು. 2018ರಲ್ಲಿ ವೃತ್ತದ ಹೆಸರಿಗೆ ಹೈಫಾ ಸೇರಿತು. ಮೊಬೈಲನ್ನು ಅಜ್ಜಿಯ ಕೈಗೆ ಕೊಟ್ಟು, "ನೋಡು ಅಜ್ಜಿ, ಇವನು ನಮ್ಮ ಮೈಸೂರಿನವನು" ಎಂದು ಹೆಮ್ಮೆಯಿಂದ ವಿವರಿಸಿದೆ. ಅವಳು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ಪಕ್ಕಕ್ಕೆ ತಿರುಗಿಸಿ ನೋಡಿ ಕೇಳಿದಳು: "ಕುದುರೆ ಎಲ್ಲಿ?"

ನಾನು ಮತ್ತೆ ನೋಡಿದೆ. ನಿಜ, ಕುದುರೆ ಇಲ್ಲ. ಮೂವರೂ ನೆಲದ ಮೇಲೆ ನಿಂತಿದ್ದಾರೆ. ಅಷ್ಟು ಹೊತ್ತು ಅಲ್ಲಿ ನಿಂತು ಚಿತ್ರ ತೆಗೆದ ನನಗೆ ಅದು ಹೊಳೆದೇ ಇರಲಿಲ್ಲ.

ಮುತ್ತಾತ ಕಲಿಸಿದ ಮೊದಲ ಪಾಠವೆಂದರೆ, ಕುದುರೆಯ ಹತ್ತಿರ ಹೋಗುವಾಗ ಮಾತಾಡುತ್ತಾ ಹೋಗಬೇಕು ಎಂಬುದು. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ಸುತ್ತಮುತ್ತಲಿನ ಬಹುಪಾಲು ಕಾಣುತ್ತದೆ, ನೇರ ಹಿಂದೆ ಇರುವುದು ಮಾತ್ರ ಕಾಣುವುದಿಲ್ಲ. ಸದ್ದಿಲ್ಲದೆ ಹಿಂದಿನಿಂದ ಹೋದವರಿಗೆ ಒದೆ ಬೀಳುವುದು ಅದರ ಸಿಟ್ಟಿನಿಂದಲ್ಲ, ಗಾಬರಿಯಿಂದ. ಹೀಗಾಗಿ ಅಜ್ಜಿ ಲಾಯದಲ್ಲಿ ಇರುವಷ್ಟು ಹೊತ್ತೂ ಮಾತಾಡುತ್ತಿದ್ದಳು. ಮೊದಮೊದಲು ಹೆದರಿಕೆಗೆ ಶುರುವಾದದ್ದು ಆಮೇಲೆ ಅಭ್ಯಾಸವಾಯಿತು. ಆದರೆ ಕುದುರೆಯ ಹತ್ತಿರ ಎಷ್ಟೆಂದು "ಬಾರೋ, ಹೋಗೋ, ಕಾಲು ಎತ್ತು" ಎನ್ನಲಾಗುತ್ತದೆ? ಮೈ ಉಜ್ಜಲು ಅರ್ಧ ಗಂಟೆ ಬೇಕು, ಗೊರಸು ಕೆರೆದು ಸಿಕ್ಕಿಕೊಂಡ ಕಲ್ಲು ತೆಗೆಯಲು ಇನ್ನಷ್ಟು ಹೊತ್ತು. ಹೀಗೆ ಸಂಸಾರದ ಮಾತೆಲ್ಲ ಅಲ್ಲಿಗೆ ಬಂತು. ಯಾರಿಗೆ ಎಷ್ಟು ಸಾಲ ಕೊಡಬೇಕು, ಚಿಕ್ಕತ್ತೆಯನ್ನು ನೋಡಲು ಬಂದ ಗಂಡಿನ ಕಡೆಯವರು ಯಾಕೆ ಸುಮ್ಮನಾದರು, ಸೊಸೆ ಮೊನ್ನೆ ಯಾವ ಮಾತು ಅಂದಳು, ಎಲ್ಲವೂ. ಮನೆಯ ಗುಟ್ಟು ತಿಳಿಯಬೇಕಾದರೆ ಲಾಯದ ಗೋಡೆಗೆ ಕಿವಿ ಇಟ್ಟರೆ ಸಾಕು ಎಂಬುದನ್ನು ನಾನೂ ತಮ್ಮನೂ ಬಹಳ ಬೇಗ ಕಂಡುಕೊಂಡೆವು. ಎಸ್ಸೆಸ್ಸೆಲ್ಸಿ ಆದ ಮೇಲೆ ನನ್ನನ್ನು ಕಾಲೇಜಿಗೆ ಕಳಿಸುವುದೋ ಬೇಡವೋ ಎಂದು ಹಿರಿಯರು ಒಂದು ತಿಂಗಳು ಎಳೆದಾಡಿದರು. ಅದು ತೀರ್ಮಾನವಾದದ್ದು ನನಗೆ ತಿಳಿದದ್ದು ಹಾಗೆಯೇ. "ಹೋಗಲಿ ಬಿಡು, ಹುಡುಗಿ ಓದಲಿ. ಲಾಯದಲ್ಲಿ ಕಟ್ಟಿಹಾಕಿ ಏನು ಮಾಡುವುದು" ಎಂದು ಅವಳು ಮಲ್ಲಿಯ ಬಾಲ ಬಾಚುತ್ತಾ ಹೇಳುತ್ತಿದ್ದಳು. ನಮ್ಮ ಅಪ್ಪನಿಗೆ ಆ ಮಾತು ಮುಟ್ಟಿದ್ದು ಮಾರನೆಯ ದಿನ. ಮೊದಲು ಕೇಳಿಸಿಕೊಂಡದ್ದು ಕುದುರೆ, ಎರಡನೆಯದು ನಾನು.

ನನ್ನನ್ನೂ ಕುದುರೆಗಳನ್ನೂ ಅವಳು ಕರೆಯುತ್ತಿದ್ದದ್ದು "ಮರಿ" ಎಂದೇ. ಅಂಗಳದಿಂದ "ಮರಿ, ಬಾ" ಎಂದರೆ ಮನೆಯೊಳಗಿನಿಂದ ನಾನೂ ಓಡಿ ಬರುತ್ತಿದ್ದೆ, ಲಾಯದಿಂದ ಎರಡು ತಲೆಗಳೂ ಹೊರಗೆ ಬರುತ್ತಿದ್ದವು. ಹೆಚ್ಚಿನ ಸಲ ಕರೆದದ್ದು ನನ್ನನ್ನಲ್ಲ.

ಈಗ ಹುರುಳಿಯ ವಿಷಯಕ್ಕೆ ಬರುತ್ತೇನೆ. ರಾತ್ರಿ ಮಲಗುವ ಮುಂಚೆ ಅಜ್ಜಿ ಹುರುಳಿಯನ್ನು ಮೊರದಲ್ಲಿ ಕೇರಿ, ಕಲ್ಲು ಆರಿಸಿ, ನೆನೆಹಾಕುತ್ತಿದ್ದಳು. ಬೆಳಗ್ಗೆ ಹುಲ್ಲು ತಂದವಳೇ ದೊಡ್ಡ ಮಡಕೆಯಲ್ಲಿ ಬೇಯಲು ಇಡುತ್ತಿದ್ದಳು. ಕಾಳು ಹಿಚುಕಿದರೆ ಹಿಟ್ಟಾಗುವಷ್ಟು ಬೆಂದ ಮೇಲೆ ಬಿದಿರಿನ ಬುಟ್ಟಿಗೆ ಸುರಿದು ಬಸಿಯುವುದು. ಕೆಳಗೆ ಇಳಿದ ಕಂದು ಬಣ್ಣದ ಗಟ್ಟಿ ನೀರು, ಅದೇ ಹುರುಳಿಕಟ್ಟು, ನಮ್ಮದು. ಮೇಲೆ ಉಳಿದ ಕಾಳು ಕುದುರೆಗಳದ್ದು. ಕಟ್ಟಿಗೆ ಹುರಿದ ಈರುಳ್ಳಿ ಬೆಳ್ಳುಳ್ಳಿ, ತೆಂಗಿನಕಾಯಿ, ಒಣಮೆಣಸಿನಕಾಯಿ, ದನಿಯ ರುಬ್ಬಿ ಹಾಕಿ ಹುಣಸೆಹಣ್ಣು ಕಿವುಚಿದರೆ ಸಾರು. ಮೊದಲ ದಿನ ಪರವಾಗಿಲ್ಲ, ಮರುದಿನ ಕುದಿಸಿದರೆ ಚೆನ್ನ, ಮೂರನೆಯ ದಿನ ಮುದ್ದೆಯ ಜೊತೆ ಅದರ ಸಮಕ್ಕೆ ಬೇರೊಂದಿಲ್ಲ. ಬೆಂಗಳೂರಿನ ಹೋಟೆಲುಗಳಲ್ಲಿ ಈಗ ಅದನ್ನು ಪುಟ್ಟ ಬಟ್ಟಲಿನಲ್ಲಿ ಕೊಟ್ಟು ಗ್ರಾಮೀಣ ಸೊಗಡು ಎಂದು ಹೊಗಳುತ್ತಾರೆ. ನಮಗೆ ಅದು ಕುದುರೆ ತಿಂದು ಉಳಿದದ್ದು. ಹಾಗೆಂದು ಶಾಲೆಯಲ್ಲಿ ಬಾಯಿ ಬಿಟ್ಟು ಒಂದು ವರ್ಷ ಎಲ್ಲರೂ ನನ್ನನ್ನು ನೋಡಿ ಕೆನೆಯುತ್ತಿದ್ದರು.

ಬಸಿದ ಕಾಳಿಗೆ ಒಂದು ಹಿಡಿ ಉಪ್ಪು ಬೆರೆಸಿ, ಬೂಸಾ ಸೇರಿಸಿ, ಆರಿದೆಯೇ ಎಂದು ಮೊಣಕೈ ಅದ್ದಿ ನೋಡಿ ಆಮೇಲೆ ಕೊಡುತ್ತಿದ್ದಳು. ಕೂಸಿಗೆ ಸ್ನಾನ ಮಾಡಿಸುವ ನೀರನ್ನೂ ಹಾಗೆಯೇ ನೋಡುವುದು. ಕುದುರೆಗಳು ತಿಂದ ಮೇಲೆ ತಾತ, ಆಮೇಲೆ ದುಡಿಯುವ ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಸೊಸೆ, ಕೊನೆಗೆ ತಾನು. ಈ ಸರತಿ ಒಂದು ದಿನವೂ ಏರುಪೇರಾಗಲಿಲ್ಲ. ಹಬ್ಬದ ದಿನವೂ ಇಲ್ಲ.

ಸಾವಿಗೆ ಬಂದವರೆಲ್ಲ "ಕುದುರೆಗಳನ್ನು ಮಕ್ಕಳಂತೆ ಸಾಕಿದಳು ತಾಯಿ" ಎಂದು ಹೇಳಿ ಹೋದರು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಮಕ್ಕಳಿಗೆ ಅವಳು ಹೊಡೆಯುತ್ತಿದ್ದಳು, ಕುದುರೆಯ ಮೇಲೆ ಕೈ ಎತ್ತಿದ್ದನ್ನು ನಾನು ಕಾಣೆ. ಮಕ್ಕಳಿಗೆ ಜ್ವರ ಬಂದರೆ ಕಷಾಯ, ಕುದುರೆಗೆ ಬಂದರೆ ಡಾಕ್ಟರು. ಒಮ್ಮೆ ಹೊಟ್ಟೆಕಿಚ್ಚಿನಿಂದ ಕೇಳಿಯೇ ಬಿಟ್ಟೆ, ನಿನಗೆ ನಮಗಿಂತ ಕುದುರೆ ಹೆಚ್ಚೇ ಎಂದು. "ಅದು ದುಡಿದು ಹಾಕುತ್ತದೆ. ನೀನು ಏನು ದುಡಿದೆ, ಹೇಳು" ಎಂದಳು. ಅದರಲ್ಲಿ ಕೋಪವೂ ಇರಲಿಲ್ಲ, ತಮಾಷೆಯೂ ಇರಲಿಲ್ಲ. ಲೆಕ್ಕ ಇತ್ತು. ಯಾರ ಅನ್ನ ತಿನ್ನುತ್ತಿದ್ದೇವೆ ಎಂಬುದನ್ನು ಅವಳು ಒಂದು ಕ್ಷಣವೂ ಮರೆಯದೆ ಬದುಕಿದಳು. ಅದಕ್ಕೆ ಪ್ರೀತಿ ಎಂಬ ಹೆಸರನ್ನು ನಾವು ಆಮೇಲೆ ಇಟ್ಟದ್ದು.

ಲೆಕ್ಕದವಳು ಎಂದೆನಲ್ಲ, ಕುದುರೆ ಕೊಳ್ಳುವಾಗ ಅವಳನ್ನು ನೋಡಬೇಕಿತ್ತು. ತಾತ ಬಣ್ಣಕ್ಕೆ, ನಡಿಗೆಗೆ ಮರುಳಾಗುವ ಆಸಾಮಿ. ಅಜ್ಜಿ ನೇರ ತುಟಿ ಎತ್ತಿ ಹಲ್ಲು ನೋಡುತ್ತಿದ್ದಳು. ಐದು ವರ್ಷಕ್ಕೆ ಕುದುರೆಯ ಬಾಯಿ ತುಂಬುತ್ತದೆ. ವಯಸ್ಸಾದಂತೆ ಮುಂದಿನ ಹಲ್ಲುಗಳ ಮೇಲಿನ ಗುಳಿ ಸವೆಯುತ್ತದೆ, ಹಲ್ಲು ಉದ್ದವಾಗಿ ಮುಂದಕ್ಕೆ ಬಾಗುತ್ತದೆ. ಮಾರುವವರು ಹಲ್ಲನ್ನು ಅರದಿಂದ ಉಜ್ಜಿ ವಯಸ್ಸು ಮುಚ್ಚಿಡುವುದೂ ಉಂಟು. ಅದಕ್ಕೆ ಅವಳು ಕಣ್ಣಿನ ಮೇಲಿನ ಗುಂಡಿಯನ್ನೂ ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಮುದಿ ಕುದುರೆಗೆ ಅಲ್ಲಿ ಕುಳಿ ಬೀಳುತ್ತದೆ, ಅದನ್ನು ತುಂಬಲು ಯಾವ ಅರಕ್ಕೂ ಆಗುವುದಿಲ್ಲ. ಸುಳಿಯ ವಿಷಯದಲ್ಲಿ ಮಾತ್ರ ಅವಳಿಗೆ ನಂಬಿಕೆ ಕಡಿಮೆ. ಹಣೆಯ ಮೇಲೆ ಎರಡು ಸುಳಿ ಇದ್ದರೆ ಯಜಮಾನನಿಗೆ ಕೇಡು, ಎದೆಯ ಮೇಲೆ ಇದ್ದರೆ ಮನೆಗೆ ಕೇಡು ಎಂದು ಯಾರಾದರೂ ಶುರುಮಾಡಿದರೆ, "ಸುಳಿ ಇಲ್ಲದ ಕುದುರೆ ಬೇಕಾದರೆ ಕುಂಬಾರನ ಹತ್ತಿರ ಹೋಗಿ" ಎನ್ನುತ್ತಿದ್ದಳು. ಕೆಂಚನ ಹಣೆಯಲ್ಲಿ ಎರಡು ಸುಳಿ ಇದ್ದವು. ಅದಕ್ಕೇ ಅಗ್ಗಕ್ಕೆ ಸಿಕ್ಕಿದ್ದ.

ಲಾಳದ್ದೂ ಅದೇ ಕತೆ. ಸುಮಾರು ಆರು ವಾರಕ್ಕೊಮ್ಮೆ ಲಾಳ ಬದಲಿಸಬೇಕು. ಲಾಳ ಕಟ್ಟುವ ಸಾಹೇಬರು ಗೊರಸನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆಳೆದ ಉಗುರನ್ನು ಕೊಯ್ಯುವಾಗ ಅಜ್ಜಿ ಕುದುರೆಯ ಮುಖ ಹಿಡಿದು ನಿಲ್ಲುತ್ತಿದ್ದಳು. ಕಳಚಿದ ಹಳೆ ಲಾಳಕ್ಕೆ ಬೀದಿಯಲ್ಲಿ ಬೇಡಿಕೆಯೋ ಬೇಡಿಕೆ. ಬಾಗಿಲಿಗೆ ಹೊಡೆದರೆ ದೃಷ್ಟಿ ತಾಕುವುದಿಲ್ಲ, ಉಂಗುರ ಮಾಡಿಸಿದರೆ ಶನಿ ಬಿಡುತ್ತದೆ ಎಂದು. ಬಡವರಿಗೆ ಸುಮ್ಮನೆ ಕೊಡುತ್ತಿದ್ದಳು, ಅಂಗಡಿ ಇಟ್ಟವರಿಂದ ಎರಡು ರೂಪಾಯಿ. "ಟಾರು ರಸ್ತೆಯಲ್ಲಿ ಸವೆದು ಸವೆದು ಬಂದ ಕಬ್ಬಿಣ, ಅದರಿಂದ ಅದೃಷ್ಟ ಬರುವ ಹಾಗಿದ್ದರೆ ನಾವು ಇಷ್ಟು ಹೊತ್ತಿಗೆ ಅರಮನೆಯಲ್ಲಿ ಇರಬೇಕಿತ್ತು" ಎಂದು ಒಳಗೆ ಬಂದು ನಗುತ್ತಿದ್ದಳು. ನಮ್ಮ ಬಾಗಿಲಿಗೆ ಲಾಳ ಇರಲಿಲ್ಲ.

ಅರಮನೆ ಎಂದಾಗ ದಸರಾ ನೆನಪಾಗುತ್ತದೆ. ಊರಿಗೆಲ್ಲ ಹಬ್ಬವಾದರೆ ಜಟಕಾದವರಿಗೆ ಅದು ಸುಗ್ಗಿ. ಹೀಗಾಗಿ ನಮ್ಮ ಮನೆಯಲ್ಲಿ ಆಯುಧಪೂಜೆ ನಡೆಯುತ್ತಿದ್ದದ್ದು ರಾತ್ರಿ ಹತ್ತರ ಮೇಲೆ, ಕುದುರೆಗಳು ಮನೆಗೆ ಬಂದಾಗ. ವಿಜಯದಶಮಿಯ ದಿನ ಸಯ್ಯಾಜಿರಾವ್ ರಸ್ತೆಯ ಬದಿಯಲ್ಲಿ ಬೆಳಗ್ಗೆಯೇ ಜಾಗ ಹಿಡಿದು ಕೂರುತ್ತಿದ್ದೆವು. 750 ಕಿಲೋ ತೂಕದ ಚಿನ್ನದ ಅಂಬಾರಿ ಬಂದಾಗ ಅಜ್ಜಿ ಚಾಮುಂಡಿತಾಯಿಗೆ ಕೈ ಮುಗಿಯುತ್ತಿದ್ದಳು, ಕೂಡಲೇ ಕಣ್ಣು ಅಶ್ವಾರೋಹಿ ಪೊಲೀಸರ ಕುದುರೆಗಳ ಕಾಲಿಗೆ ಹೋಗುತ್ತಿತ್ತು. "ಆ ಮೂರನೆಯದು ಎಡಗಾಲು ಊರುತ್ತಿಲ್ಲ." ಯಾವ ವರ್ಷವೂ ಅವಳಿಗೆ ಎಲ್ಲ ಕುದುರೆಗಳೂ ಸರಿ ಕಾಣಲಿಲ್ಲ. ಅರಮನೆಯ ಪಟ್ಟದ ಕುದುರೆಯ ಬಗ್ಗೆ ಕೇಳಿದರೆ "ಅರಸನ ಕುದುರೆ ಲಾಯದಲ್ಲೇ ಮುಪ್ಪಾಯಿತು" ಎಂಬ ಗಾದೆ ಸಿದ್ಧವಾಗಿತ್ತು. ಚಾಮುಂಡಿ ಬೆಟ್ಟದ ತಪ್ಪಲಿನ ರೇಸ್‌ಕೋರ್ಸಿನ ಕುದುರೆಗಳ ಬಗ್ಗೆಯೂ ಒಳ್ಳೆಯ ಮಾತಿಲ್ಲ: ಅವು ಸಾಹುಕಾರರ ಮಕ್ಕಳು, ಎರಡು ನಿಮಿಷ ಓಡಿ ಎರಡು ವಾರ ಉಪಚಾರ ಮಾಡಿಸಿಕೊಳ್ಳುತ್ತವೆ. ಅವಳಿಗೆ ಕುದುರೆ ಎಂದರೆ ಗಿಡ್ಡ ಕಾಲಿನ, ದಪ್ಪ ಹೊಟ್ಟೆಯ, ಮಳೆಯಲ್ಲಿ ನೆನೆದರೂ ಸೀನದ ನಾಡ ತಟ್ಟು.

ಕೆಂಚನ ಆ ರಾತ್ರಿಯನ್ನು ಬರೆಯದೆ ಮುಂದೆ ಹೋದರೆ ತಪ್ಪಾಗುತ್ತದೆ. 1988ರ ಚಳಿಗಾಲ, ನನಗೆ ಒಂಬತ್ತು ವರ್ಷ. ತಾತ ಯಾವುದೋ ಮದುವೆಗೆಂದು ಊರಿಗೆ ಹೋಗಿದ್ದ. ಮಧ್ಯಾಹ್ನ ಮನೆಯಲ್ಲಿ ಯಾರೂ ನೋಡದಾಗ ನಾನು ಮೂಟೆಯಿಂದ ಒಣ ಹುರುಳಿಯನ್ನು ಪಾವಿನಲ್ಲಿ ತೆಗೆದು ತೆಗೆದು ಕೆಂಚನಿಗೆ ಕೊಟ್ಟೆ. ಬೇಯಿಸಿಲ್ಲ, ನೆನೆಸಿಯೂ ಇಲ್ಲ. ಅವನು ನನ್ನ ಅಂಗೈಯನ್ನು ತುಟಿಯಿಂದ ತಡಕಿ ಇನ್ನೂ ಬೇಕು ಎನ್ನುತ್ತಿದ್ದ, ನನಗೆ ಅದೇ ದೊಡ್ಡ ಸಂಭ್ರಮ. ಎಷ್ಟು ಪಾವು ಕೊಟ್ಟೆನೋ ನೆನಪಿಲ್ಲ. ಆಮೇಲೆ ಅವನು ಒಂದು ಬಕೆಟ್ ನೀರು ಕುಡಿದ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಕೆಂಚ ಹುಲ್ಲು ಮುಟ್ಟಲಿಲ್ಲ. ಕತ್ತು ತಿರುಗಿಸಿ ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿದ್ದ, ಮುಂಗಾಲಿನಿಂದ ನೆಲ ಕೆರೆಯುತ್ತಿದ್ದ. ಮೈಯೆಲ್ಲ ಬೆವರು. ಅಜ್ಜಿ ಬಂದವಳೇ ಅವನ ಪಕ್ಕೆಗೆ ಕಿವಿ ಇಟ್ಟು ಕೇಳಿದಳು. ಆರೋಗ್ಯವಾಗಿರುವ ಕುದುರೆಯ ಹೊಟ್ಟೆ ಯಾವಾಗಲೂ ಗುಡುಗುಡು ಎನ್ನುತ್ತಿರುತ್ತದೆ. ಕೆಂಚನ ಹೊಟ್ಟೆ ಸುಮ್ಮನಿತ್ತು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಹಿಂದಿನಿಂದಲೇ ಹೊರಗೆ ಬರಬೇಕು, ಇಲ್ಲವೇ ಕುದುರೆ ಸಾಯಬೇಕು. ಅವಳು ಮೂಟೆಯ ಬಾಯಿ ನೋಡಿದಳು, ನೆಲದಲ್ಲಿ ಚೆಲ್ಲಿದ ಕಾಳು ನೋಡಿದಳು, ನನ್ನ ಮುಖ ನೋಡಿದಳು. ಕೆನ್ನೆಗೆ ಒಂದು ಬಿಟ್ಟಳು. ಅಳಲು ಶುರುಮಾಡುವ ಮೊದಲೇ ಲಾಂದ್ರವನ್ನು ನನ್ನ ಕೈಗೆ ಕೊಟ್ಟಳು. "ಹಿಡಿದುಕೊಂಡು ಮುಂದೆ ನಡೆ."

ನಡೆದೆವು. ಲಗಾಮು ಹಿಡಿದು ಅವಳು, ಲಾಂದ್ರ ಹಿಡಿದು ನಾನು, ನಡುವೆ ತಲೆ ತಗ್ಗಿಸಿದ ಕೆಂಚ. ಅವನು ಕಾಲು ಮಡಚಿ ಹೊರಳಲು ನೋಡಿದಾಗಲೆಲ್ಲ ಅವಳು ಎಳೆದು ನಿಲ್ಲಿಸುತ್ತಿದ್ದಳು, ಹೊರಳಿದರೆ ಕರುಳು ತಿರುಚಿಕೊಳ್ಳುತ್ತದೆ ಎಂದು. ಪಕ್ಕದ ಮನೆಯ ಸಾಹೇಬರು ಎದ್ದು ಬಂದು ಬಿದಿರಿನ ಗೊಟ್ಟದಲ್ಲಿ ಹರಳೆಣ್ಣೆ, ಓಮದ ಕಷಾಯ, ಇಂಗು ಕುಡಿಸಿದರು. ಮತ್ತೆ ನಡಿಗೆ. ಓಣಿಯ ಈ ತುದಿಯಿಂದ ಆ ತುದಿ, ಮಸೀದಿಯ ಗೋಡೆಯವರೆಗೆ, ಹಿಂದಕ್ಕೆ. ಅವಳು ಉದ್ದಕ್ಕೂ ಮಾತಾಡುತ್ತಲೇ ಇದ್ದಳು, ನನ್ನೊಂದಿಗೆ ಅಲ್ಲ, ಅವನೊಂದಿಗೆ. ತನ್ನ ಮದುವೆಯ ದಿಬ್ಬಣ ಬಂದ ದಾರಿ, ಹುಟ್ಟಿ ಹನ್ನೆರಡು ದಿನಕ್ಕೆ ಹೋದ ಮೊದಲ ಕೂಸು, ತವರಿನ ಹುಣಸೆ ಮರ. ಆ ಕೂಸಿನ ವಿಷಯ ನಾನು ಕೇಳಿದ್ದು ಅದೇ ಮೊದಲು, ಅದೇ ಕೊನೆ. ಕಾಲು ಸೋತು ನಾನು ಕುಳಿತುಕೊಂಡರೆ ಅವಳು ನಿಲ್ಲುತ್ತಿರಲಿಲ್ಲ. ಕತ್ತಲಲ್ಲೇ ಮುಂದೆ ಹೋಗುತ್ತಿದ್ದಳು. ಎದ್ದು ಓಡಿ ಲಾಂದ್ರ ಹಿಡಿಯಲೇಬೇಕಿತ್ತು.

ಬೆಳಗಿನ ಬಾಂಗ್ ಕೂಗುವ ಹೊತ್ತಿಗೆ ಕೆಂಚ ನಿಂತ. ಬಾಲ ಎತ್ತಿದ. ಲದ್ದಿ ಹಾಕಿದ. ಅಷ್ಟು ಹೊತ್ತಿಗೆ ಎದ್ದಿದ್ದ ಓಣಿಯವರೆಲ್ಲ, "ಹಾಕಿತು! ಹಾಕಿತು!" ಎಂದು ಕೂಗಿದರು. ಸಾಹೇಬರು ಆಕಾಶ ನೋಡಿ ಎರಡೂ ಕೈ ಎತ್ತಿದರು. ಅಜ್ಜಿ ಆ ಬಿಸಿ ಲದ್ದಿಯನ್ನು ಕೈಯಲ್ಲಿ ಎತ್ತಿಕೊಂಡು ಬಿಡಿಸಿ ನೋಡಿದಳು, ಅರಗದೆ ಉಳಿದ ಹುರುಳಿ ಕಾಳುಗಳನ್ನು ಬೆರಳಿನಿಂದ ಎಣಿಸುವ ಹಾಗೆ. ಆಮೇಲೆ ಅದನ್ನು ಅಂಗಳದ ಗುಲಾಬಿ ಗಿಡದ ಬುಡಕ್ಕೆ ಹಾಕಿ, ಕೈ ತೊಳೆದು, ನನ್ನನ್ನು ಎತ್ತಿಕೊಂಡು ಹೋಗಿ ಮಲಗಿಸಿದಳಂತೆ. ನನಗೆ ನೆನಪಿಲ್ಲ, ನಿದ್ದೆ ಹೋಗಿದ್ದೆ. ತಾತ ಊರಿನಿಂದ ಬಂದಾಗ ಮೂಟೆ ಬಿಚ್ಚಿದವರು ಯಾರು ಎಂದು ಕೇಳಿದ. "ನಿನ್ನ ಮೊಮ್ಮಗಳು" ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು. ಸುಳ್ಳು ಹೇಳಿ ಕಾಪಾಡುವ ಅಜ್ಜಿಯಲ್ಲ ಅವಳು.

ಆಟೋಗಳು ಹೆಚ್ಚಿದವು, ಜಟಕಾಗಳು ಇಳಿದವು. ಅದನ್ನು ನಾನು ವಿವರಿಸಬೇಕಾಗಿಲ್ಲ, ಎಲ್ಲ ಊರಿನಲ್ಲೂ ಆದದ್ದೇ. ಚಿಕ್ಕಪ್ಪ ಆಟೋ ಕೊಂಡರು. ಕೆಂಚ ಹೋದ. ತಾತ 1998ರಲ್ಲಿ ತೀರಿಕೊಂಡ. ಉಳಿದದ್ದು ಮಲ್ಲಿ ಒಬ್ಬಳೇ, ಹಲ್ಲು ಸವೆದು, ಕಣ್ಣಿನ ಮೇಲೆ ಕುಳಿ ಬಿದ್ದು, ಹಿಂಗಾಲು ಎಳೆಯುತ್ತಾ. ದಲ್ಲಾಳಿಯೊಬ್ಬ ಎರಡು ಸಲ ಬಂದು ಬೆಲೆ ಹೇಳಿದ. ಎಲ್ಲಿಗೆ ಕೊಂಡೊಯ್ಯುತ್ತೀಯ ಎಂದು ಅಜ್ಜಿ ಕೇಳಿದ್ದಕ್ಕೆ ಅವನು ಸರಿಯಾಗಿ ಉತ್ತರ ಕೊಡಲಿಲ್ಲ. ಮೂರನೆಯ ಸಲ ಅವನು ಬಂದಾಗ ಅವಳು ಬಾಗಿಲು ತೆಗೆಯಲಿಲ್ಲ.

ಆ ಮುದಿ ಕುದುರೆಯನ್ನು ಅವಳು ಮೂರು ವರ್ಷ ಸಾಕಿದಳು. ಬರೆಯಲು ಇದು ಸುಂದರವಾದ ವಾಕ್ಯ. ಆ ಮೂರು ವರ್ಷ ನಮ್ಮ ಅಪ್ಪ ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿತ್ತು ಎಂಬುದನ್ನೂ ಪಕ್ಕದಲ್ಲೇ ಬರೆಯಬೇಕು. ತಮ್ಮನ ಡಿಪ್ಲೊಮಾ ಶುಲ್ಕಕ್ಕೆ ಅಮ್ಮ ತನ್ನ ಬಳೆ ಅಡವಿಟ್ಟಳು. ಬಳೆ ಬಿಡಿಸಿಕೊಳ್ಳಲು ಆಗಲೇ ಇಲ್ಲ. ಲಾಯದಲ್ಲಿ ಮಾತ್ರ ಹುರುಳಿ ತಪ್ಪಲಿಲ್ಲ. ಮಲ್ಲಿಗೆ ಅಗಿಯಲು ಆಗುವುದಿಲ್ಲವೆಂದು ಅಜ್ಜಿ ಈಗ ಅದನ್ನು ರುಬ್ಬುಗಲ್ಲಿನಲ್ಲಿ ರುಬ್ಬಿ ಕೊಡುತ್ತಿದ್ದಳು. ಒಂದು ದಿನ ಅಮ್ಮ ತಡೆಯಲಾರದೆ, "ಅತ್ತೆ, ಅದು ಈಗ ದುಡಿಯುವುದಿಲ್ಲವಲ್ಲ. ದುಡಿಯುವವರಿಗೆ ಮೊದಲು ಎಂದು ನೀವೇ ಹೇಳುತ್ತಿದ್ದಿರಿ" ಎಂದಳು. ಅಜ್ಜಿ ರುಬ್ಬುವುದನ್ನು ನಿಲ್ಲಿಸಲಿಲ್ಲ. ಕೊನೆಗೆ, "ಇನ್ನೂ ಬಾಕಿ ಇದೆಯಮ್ಮ" ಎಂದಳು. ಎಷ್ಟು ಬಾಕಿ, ಯಾರ ಬಾಕಿ ಎಂದು ಅಮ್ಮ ಕೇಳಲಿಲ್ಲ. ಎದ್ದು ಹೋದಳು. ಅವರಿಬ್ಬರ ನಡುವೆ ಒಂದು ವಾರ ಮಾತು ನಿಂತಿತ್ತು. ಅಮ್ಮನಿಗೆ ಆ ವಿಷಯದಲ್ಲಿ ಇಂದಿಗೂ ಮನಸ್ಸು ತಿಳಿಯಾಗಿಲ್ಲ. ನಾನೂ ಅವಳನ್ನು ಒಪ್ಪಿಸಲು ಹೋಗುವುದಿಲ್ಲ. ಬಳೆ ಇಲ್ಲದ ಕೈ ಅವಳದು.

2001ರಲ್ಲಿ ಮಲ್ಲಿ ಹೋದ ಮೇಲೆ ಲಾಯ ಆಟೋ ನಿಲ್ಲಿಸುವ ಜಾಗವಾಯಿತು. ಅಜ್ಜಿ ಆಮೇಲೂ ಒಂದಷ್ಟು ತಿಂಗಳು ರಾತ್ರಿ ಹುರುಳಿ ನೆನೆಹಾಕುತ್ತಿದ್ದಳು, ಅಳತೆ ಕಡಿಮೆ ಮಾಡಲು ಅವಳ ಕೈಗೆ ಬರಲಿಲ್ಲ. ನಮ್ಮ ಮನೆಯಲ್ಲಿ ಸಾರು, ಪಲ್ಯ, ಉಸಲಿ ಎಲ್ಲವೂ ಹುರುಳಿ. ಓಣಿಯ ಬೀಡಾಡಿ ಹಸುಗಳೂ ಆ ವರ್ಷ ಮೈ ತುಂಬಿಕೊಂಡವು.

ಈಗ ದಸರೆಯಲ್ಲಿ ದಂಪತಿಗಳಿಗೆಂದು ಪಾರಂಪರಿಕ ಟಾಂಗಾ ಸವಾರಿ ನಡೆಸುತ್ತಾರೆ. ಮೈಸೂರು ಪೇಟ, ರೇಷ್ಮೆ ಸೀರೆ ತೊಟ್ಟ ಗಂಡ ಹೆಂಡಿರು ಅಲಂಕರಿಸಿದ ಗಾಡಿಯಲ್ಲಿ ಹಳೆಯ ಕಟ್ಟಡಗಳನ್ನು ನೋಡುತ್ತಾ ಹೋಗುತ್ತಾರೆ. ಪತ್ರಿಕೆಯಲ್ಲಿ ಬಂದ ಚಿತ್ರವನ್ನು ತೋರಿಸಿ, ನೀನು ತಾತನ ಜೊತೆ ಹೀಗೆ ಎಷ್ಟು ಸಲ ಹೋಗಿದ್ದೆ ಎಂದು ಕೇಳಿದೆ. ಅವಳು ಬೆರಳು ಮಡಚಿ ಎಣಿಸಿದಳು. ಮದುವೆಯಾಗಿ ಬಂದ ದಿನ ಒಂದು. ದೊಡ್ಡತ್ತೆಯ ಹೆರಿಗೆ ಕಷ್ಟವಾದಾಗ ಆಸ್ಪತ್ರೆಗೆ ಒಂದು. ಮೂರನೆಯದು ನೆನಪಾಗಲಿಲ್ಲ. ಜಟಕಾದವನ ಹೆಂಡತಿ ಗಾಡಿಯಲ್ಲಿ ಕುಳಿತರೆ ಒಂದು ಬಾಡಿಗೆ ಹೋಯಿತು. ಕುದುರೆಗೂ ಸುಮ್ಮನೆ ಭಾರ. ಅವಳು ಮಾರುಕಟ್ಟೆಗೆ, ದೇವಸ್ಥಾನಕ್ಕೆ, ಬೆಟ್ಟಕ್ಕೆ ಹೋದದ್ದೆಲ್ಲ ನಡೆದೇ.

ಹನ್ನೊಂದನೆಯ ದಿನ ಕೊನೆಗೆ ಎಡೆಗೆ ಒಬ್ಬಟ್ಟೂ ಇಟ್ಟರು, ಹುರುಳಿಕಟ್ಟಿನ ಸಾರೂ ಇಟ್ಟರು. ಸಾರು ಮಾಡಿದವಳು ಅಮ್ಮನೇ. ಬುಟ್ಟಿಯಲ್ಲಿ ಬೆಂದ ಕಾಳು ರಾಶಿ ಉಳಿದಿತ್ತು. ಊಟಕ್ಕೆ ಬಂದವರಲ್ಲಿ ತಾತನ ಹಳೆಯ ಸ್ನೇಹಿತರ ಮಗನೂ ಇದ್ದ. ಈಗಲೂ ಅರಮನೆಯ ಮುಂದೆ ಪ್ರವಾಸಿಗರಿಗೆ ಟಾಂಗಾ ಓಡಿಸುವವನು. ಅವನು ಗಾಡಿಯಲ್ಲೇ ಬಂದಿದ್ದ. ಅಮ್ಮ ಬುಟ್ಟಿಯನ್ನು ಎತ್ತಿಕೊಂಡು ಹೊರಗೆ ಹೋದಳು. ಒಂದು ಹಿಡಿ ಉಪ್ಪು ಬೆರೆಸಿ, ಮೊಣಕೈ ಅದ್ದಿ ನೋಡಿ, ಕುದುರೆಯ ಮುಂದೆ ಇಟ್ಟಳು. ಅದು ಬುಟ್ಟಿಯ ತಳ ಕಾಣುವವರೆಗೆ ತಿಂದು, ಮೂತಿ ಕೊಡವಿ, ಬಾಗಿಲ ಮುಂದೆಯೇ ಲದ್ದಿ ಹಾಕಿತು. ಬಂದವರ ಎದುರು ಹೀಗಾಯಿತಲ್ಲ ಎಂದು ಚಿಕ್ಕಮ್ಮ ಪೊರಕೆ ತಂದರು.

"ಬಿಡು, ಗುಡಿಸಬೇಡ" ಎಂದಳು ಅಮ್ಮ. "ಬಿಸಿ ಆರಲಿ. ಗುಲಾಬಿ ಗಿಡಕ್ಕೆ ಹಾಕುತ್ತೇನೆ."